ವೀಸಾ ನೂರೆಂಬತ್ತು ದಿನ, ಸಹನೆ ತೊಂಬತ್ತು

ಅಮೆರಿಕದಲ್ಲಿರುವ ಮಗಳು ಬಸುರಿ ಅಂತ ಗೊತ್ತಾದ ದಿನವೇ, ಜಯನಗರವಿರಲಿ ಶಿವಮೊಗ್ಗವಿರಲಿ, ಮನೆಯಲ್ಲಿ ಏಳುವ ಪ್ರಶ್ನೆ: ಬಾಣಂತನಕ್ಕೆ ಹೋದರೆ ಎಷ್ಟು ದಿನ ಇರಬೇಕು? ಉತ್ತರವೂ ಅಲ್ಲೇ ತಯಾರಿರುತ್ತದೆ. ಆರು ತಿಂಗಳು. ಯಾಕಪ್ಪಾ ಆರು ಅಂದರೆ, ಕೊಡೋದೇ ಆರು. ಟಿಕೆಟ್‌ಗೆ ಅಷ್ಟು ದುಡ್ಡು ಸುರಿದ ಮೇಲೆ ಕೊಟ್ಟಿದ್ದನ್ನು ಪೂರ್ತಿ ವಸೂಲು ಮಾಡದೆ ಬರೋದುಂಟೇ? ಮದುವೆ ಊಟದಲ್ಲಿ ಬಡಿಸಿದ್ದನ್ನೆಲ್ಲ ತಿಂದೇ ಏಳಬೇಕು ಅನ್ನುವ ಲೆಕ್ಕ. ಅಲ್ಲಿ ಕೆಡೋದು ಹೊಟ್ಟೆ, ಇಲ್ಲಿ ಸಂಬಂಧ.

ಮೊದಲು ಕಾಗದಪತ್ರದ ಮಾತು ಮುಗಿಸಿಬಿಡೋಣ. ಪಾಸ್‌ಪೋರ್ಟಿನ ವೀಸಾದಲ್ಲಿ ಹತ್ತು ವರ್ಷ ಅಂತಿದ್ದರೆ, ಹತ್ತು ವರ್ಷ ಬಾಗಿಲು ತಟ್ಟಬಹುದು ಅಂತಷ್ಟೇ ಅರ್ಥ. ಒಳಗೆ ಎಷ್ಟು ದಿನ ಅನ್ನೋದನ್ನು ಬರೆಯುವವರು ಅಲ್ಲಿನ ವಿಮಾನ ನಿಲ್ದಾಣದ ಇಮಿಗ್ರೇಷನ್ ಅಧಿಕಾರಿ. ಸಾಮಾನ್ಯವಾಗಿ ಆರು ತಿಂಗಳು ಬರೆಯುತ್ತಾರೆ. ಆ ತಾರೀಕು ಐ-94 ಎಂಬ ದಾಖಲೆಯಲ್ಲಿ ಆನ್‌ಲೈನ್‌ನಲ್ಲಿ ಇರುತ್ತದೆ. ಇಳಿದ ವಾರವೇ ಪ್ರಿಂಟ್ ತೆಗೆಸಿ ಫ್ರಿಜ್ ಬಾಗಿಲಿಗೆ ಅಂಟಿಸಿ. ಅದನ್ನು ಒಂದೇ ಒಂದು ದಿನ ದಾಟಿದರೂ ಹತ್ತು ವರ್ಷದ ವೀಸಾ ತಾನಾಗಿಯೇ ರದ್ದು. ಆದರೂ ನಮ್ಮವರು ವಾಪಸ್ ಟಿಕೆಟ್ ತೆಗೆಯೋದು ನೂರೆಪ್ಪತ್ತೊಂಬತ್ತನೇ ದಿನಕ್ಕೆ. ಅವತ್ತೇ ಹಿಮ ಬಿದ್ದು ವಿಮಾನ ನಿಂತರೆ ಅಳಿಯ ರಾತ್ರಿಯಿಡೀ ಏರ್‌ಲೈನ್ಸ್‌ನವರ ಫೋನ್ ಹಿಡಿದು ಕೂರಬೇಕು. ಕಡೇಪಕ್ಷ ಎರಡು ವಾರ ಕೈಯಲ್ಲಿಟ್ಟುಕೊಳ್ಳಿ.

ಈಗ ನಿಜವಾದ ಲೆಕ್ಕ. ಡಾಕ್ಟರು ಕೊಟ್ಟ ತಾರೀಕಿಗೇ ಸರಿಯಾಗಿ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೋ ಐದೋ. 37 ವಾರ ತುಂಬಿದ ಮೇಲೆ ಯಾವತ್ತು ಬೇಕಾದರೂ ಆಗಬಹುದು. ಅಂದರೆ ಅಮ್ಮ 36ನೇ ವಾರಕ್ಕೆ ಅಲ್ಲಿರಬೇಕು. ಅದಕ್ಕೂ ಎರಡು ವಾರ ಮೊದಲೇ ನಾಯಿಕೆಮ್ಮು ತಡೆಯುವ ಟಿಡ್ಯಾಪ್, ಫ್ಲೂ ಚುಚ್ಚುಮದ್ದು ಆಗಿರಬೇಕು, ಇಲ್ಲದಿದ್ದರೆ ಮಗುವನ್ನು ಎತ್ತಿಕೊಳ್ಳೋಕೆ ಬಿಡೋದಿಲ್ಲ. ನಾಲ್ಕು ಹೆತ್ತು ಹತ್ತು ಬಾಣಂತನ ಮಾಡಿದ ಅಜ್ಜಿಗೆ ಇದು ಮೊದಲ ಅವಮಾನ.

ಎರಡನೆಯದು ಸಾಂಬ್ರಾಣಿ. ಸಹಜ ಹೆರಿಗೆಯಾದರೆ ಸುಮಾರು 48 ಗಂಟೆಯಲ್ಲಿ, ಸಿಸೇರಿಯನ್ ಆದರೆ 96 ಗಂಟೆಯೊಳಗೆ ಆಸ್ಪತ್ರೆಯಿಂದ ಮನೆಗೆ ಕಳಿಸುತ್ತಾರೆ. ಹೊಕ್ಕುಳ ಬಳ್ಳಿ ಬಿದ್ದುಹೋಗುವ ತನಕ ಒದ್ದೆ ಬಟ್ಟೆಯಲ್ಲಿ ಒರೆಸೋದಷ್ಟೇ, ಎಣ್ಣೆನೀರಿಲ್ಲ. ಜೇನು ಒಂದು ವರ್ಷದವರೆಗೆ ಮುಟ್ಟಿಸಬಾರದು. ಇಷ್ಟೆಲ್ಲ ಬೇಡಗಳ ನಡುವೆ ಬಾಣಂತಿಯ ಕೂದಲಿಗಾದರೂ ಹೊಗೆ ಹಾಕೋಣ ಅಂತ ಅಜ್ಜಿ ಕೆಂಡದ ಮೇಲೆ ಒಂದು ಚಿಟಿಕೆ ಉದುರಿಸುತ್ತಾರೆ. ಅರ್ಧ ನಿಮಿಷದಲ್ಲಿ ಚಾವಣಿಯ ಹೊಗೆ ಅಲಾರಂ ಕಿರುಚುತ್ತದೆ, ಕೂಸು ಅದಕ್ಕಿಂತ ಜೋರಾಗಿ. ಅಲಾರಂ ಮೇಲಿನ ಗುಂಡಿ ಒತ್ತಿದರೆ ಹತ್ತು ನಿಮಿಷದ ಮಟ್ಟಿಗೆ ಬಾಯಿ ಮುಚ್ಚುತ್ತದೆ; ಆದರೆ ಇಡೀ ಅಪಾರ್ಟ್‌ಮೆಂಟಿನ ಅಲಾರಂ ಹೊಡೆದುಕೊಂಡರೆ ಫೈರ್ ಎಂಜಿನ್ ಬರೋದೇ. ಒಣಮೆಣಸಿನಕಾಯಿ ಒಗ್ಗರಣೆಗೂ ಇದೇ ಗತಿ. ಚಿಮಣಿ ಫ್ಯಾನ್ ಹಾಕಿ, ಕಿಟಕಿ ತೆಗೆದು, ಆಮೇಲೆ ಸಾಸಿವೆ.

ಲೆಕ್ಕಕ್ಕೆ ಬರೋಣ. ಮಗಳಿಗೆ ಅಲ್ಲಿನ ಕೇಂದ್ರ ಕಾನೂನು ಕೊಡುವ ರಜೆ 12 ವಾರ, ಅದೂ ಸಂಬಳವಿಲ್ಲದೆ, ಅದೂ 50 ಜನರಿಗಿಂತ ಕಮ್ಮಿ ಇರುವ ಕಂಪನಿಗಳಲ್ಲಿ ಇಲ್ಲ. ಕೆಲವು ಕಂಪನಿಗಳು ಹೆಚ್ಚು ಕೊಡುತ್ತವೆ, ಕೇಳಿ ನೋಡಿ. ಅಜ್ಜಿಯ ಅಗತ್ಯ ನಿಜವಾಗಿ ಬೀಳೋದು ಹದಿಮೂರನೇ ವಾರ, ಮಗಳು ಲ್ಯಾಪ್‌ಟಾಪ್ ತೆಗೆದು ಕೂತಾಗ. ಅಷ್ಟು ಹೊತ್ತಿಗೆ ಎರಡು ತಿಂಗಳು ಮೊದಲೇ ಬಂದ ಅಜ್ಜಿಗೆ ಸೊಂಟ ಬಿದ್ದಿರುತ್ತದೆ. ಹೆರಿಗೆಗೆ ಮುಂಚಿನ ನಾಲ್ಕು ವಾರ, ಆಮೇಲಿನ ಹನ್ನೆರಡು, ಮಗಳು ಕೆಲಸಕ್ಕೆ ಹತ್ತಿದ ಮೇಲೊಂದು ವಾರ: ಒಟ್ಟು ಹದಿನೇಳು. ಇದಕ್ಕಿಂತ ಹೆಚ್ಚಿಗೆ ಇರೋದು ಪ್ರೀತಿಗಲ್ಲ, ಟಿಕೆಟ್ ವಸೂಲಿಗೆ.

ಅಪ್ಪನಿಗೆ ಹದಿನೇಳು ವಾರ ಖಂಡಿತ ಬೇಡ. ಅಮ್ಮನಿಗೆ ಕೈತುಂಬ ಕೆಲಸ. ರಾಯರಿಗೆ ಅಲ್ಲಿ ಕಾರು ಓಡಿಸೋಕೆ ಧೈರ್ಯವಿಲ್ಲ, ನಡೆದು ಹೋಗೋಣ ಅಂದರೆ ಫುಟ್‌ಪಾತ್ ಅರ್ಧಕ್ಕೇ ಮುಗಿಯುತ್ತದೆ. ನ್ಯೂಜೆರ್ಸಿಗೂ ನಮಗೂ ಬೇಸಗೆಯಲ್ಲಿ ಒಂಬತ್ತೂವರೆ ಗಂಟೆ, ಚಳಿಯಲ್ಲಿ ಹತ್ತೂವರೆ ಗಂಟೆ ಅಂತರ. ಮೈ ದಿನಕ್ಕೆ ಹೆಚ್ಚುಕಮ್ಮಿ ಒಂದು ಗಂಟೆಯಷ್ಟೇ ಹೊಂದಿಕೊಳ್ಳೋದರಿಂದ ಮೊದಲ ಹತ್ತು ದಿನ ರಾತ್ರಿ ಎರಡಕ್ಕೆ ಎದ್ದು ಕಾಫಿ ಫಿಲ್ಟರ್ ಕುಟ್ಟುತ್ತಾರೆ. ಮನೆಯಲ್ಲಿ ಹಸುಗೂಸು ಇರುವಾಗ ನಯಾಗರಕ್ಕೆ ಕರೆದುಕೊಂಡು ಹೋಗುವವರು ಯಾರು? ನಾಲ್ಕನೇ ವಾರಕ್ಕೆ ಕಸದ ಲಾರಿ ಯಾವತ್ತು, ರೀಸೈಕಲ್ ಲಾರಿ ಯಾವತ್ತು, ಎದುರುಮನೆ ನಾಯಿಯ ಹೆಸರೇನು, ಎಲ್ಲ ಬಾಯಿಪಾಠ. ಎಂಟನೇ ವಾರ ಅಳಿಯನ ಥರ್ಮೋಸ್ಟಾಟ್‌ಗೆ ಕೈ ಹಾಕುತ್ತಾರೆ. ಅಲ್ಲಿಗೆ ಸೂಟ್‌ಕೇಸ್ ಇಳಿಸಿ.

ಹಾಗಾಗಿ ಅಮ್ಮ ಮೊದಲು ಹೋಗಲಿ. ಟಿಕೆಟ್ ಮಾಡುವಾಗಲೇ ವ್ಹೀಲ್‌ಚೇರ್ ಕೇಳಿದರೆ ನಡುವೆ ವಿಮಾನ ಬದಲಿಸೋದು ಸಲೀಸು. ರಾಯರು ಕೊನೆಯ ಆರೇಳು ವಾರಕ್ಕೆ ಹೋಗಿ ಜೊತೆಯಲ್ಲೇ ಬರಲಿ. ಕೇಂದ್ರ ಸರ್ಕಾರದ ಪಿಂಚಣಿಯವರು ನವೆಂಬರ್‌ನಲ್ಲಿ ಜೀವನ ಪ್ರಮಾಣಪತ್ರ ಕೊಡಬೇಕಲ್ಲ, ಅದನ್ನೂ ಇಲ್ಲೇ ಮುಗಿಸಿ ಹೊರಡಬಹುದು. ನವೆಂಬರ್ ಆದ ಮೇಲೆ ಅಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲು ಅನ್ನೋದು ನೆನಪಿರಲಿ. ರಾಯರು ಐದಕ್ಕೇ ಊಟಕ್ಕೆ ಕೂರುತ್ತಾರೆ.

ಸರ್ಕಾರಗಳೂ ಕಂಪನಿಗಳೂ ಗುಟ್ಟಾಗಿ ಮಾತಾಡಿಕೊಂಡಂತೆ, ವೀಸಾ ಬಿಟ್ಟರೆ ಮಿಕ್ಕಿದ್ದೆಲ್ಲ ಸುಸ್ತಾಗೋದು ತೊಂಬತ್ತಕ್ಕೇ. ಬಿಪಿ, ಶುಗರ್, ಥೈರಾಯ್ಡ್ ಮಾತ್ರೆ ಒಯ್ಯೋದಕ್ಕೆ ಅಲ್ಲಿನವರ ಸಾಮಾನ್ಯ ಮಿತಿ 90 ದಿನಕ್ಕೆ ಸಾಲುವಷ್ಟು, ಡಾಕ್ಟರ ಚೀಟಿ ಜೊತೆ, ಅಂಗಡಿಯ ಸ್ಟ್ರಿಪ್ಪಿನಲ್ಲೇ. ಡಬ್ಬಿಗೆ ಸುರಿದುಕೊಂಡು ಹೋದರೆ ಅದು ಏನೆಂದು ಯಾರಿಗೆ ಗೊತ್ತು? ನಮ್ಮ ಸಿಮ್ ಕೂಡ ಅಷ್ಟೇ. 90 ದಿನ ಬಳಕೆಯೇ ಇಲ್ಲದಿದ್ದರೆ ಕಂಪನಿ ನಂಬರನ್ನು ನಿಲ್ಲಿಸಬಹುದು. ನಂಬರ್ ಹೋದರೆ ಓಟಿಪಿ ಇಲ್ಲ, ಓಟಿಪಿ ಇಲ್ಲದಿದ್ದರೆ ಬ್ಯಾಂಕೂ ಇಲ್ಲ. ಹೊರಡುವ ಮುಂಚೆ ರೋಮಿಂಗ್ ಆನ್ ಮಾಡಿಸಿ, ರೀಚಾರ್ಜ್ ಹಾಕುವ ಕೆಲಸ ಮಗನಿಗೆ ಒಪ್ಪಿಸಿ. ಪ್ರಯಾಣದ ಆರೋಗ್ಯ ವಿಮೆಯ ಕಂತು ವಯಸ್ಸು ನೋಡಿ, ದಿನ ಎಣಿಸಿ ಏರುತ್ತದೆ. ಎಷ್ಟೋ ಪಾಲಿಸಿಗಳಲ್ಲಿ ಹಳೇ ಕಾಯಿಲೆ ಸೇರೋದಿಲ್ಲ, ಅಥವಾ ಏಕಾಏಕಿ ಉಲ್ಬಣಿಸಿದರೆ ಮಾತ್ರ. ಆ ಸಾಲನ್ನು ಕನ್ನಡಕ ಹಾಕಿಕೊಂಡು ಓದಿ.

ಬೀಗ ಹಾಕಿದ ಮನೆ ಒಂದೂವರೆ ತಿಂಗಳು ತಡೆಯುತ್ತದೆ. ಅದಕ್ಕೂ ಮೇಲಾದರೆ ಬಚ್ಚಲಿನ ಜಾಲರಿ ಕೆಳಗಿನ ನೀರು ಆರಿಹೋಗಿ ಮೋರಿಯ ಜಿರಳೆಗಳಿಗೆ ದಾರಿ ಸಲೀಸು. ಹೊರಡುವ ದಿನ ಒಂದು ಚೆಂಬು ನೀರು ಸುರಿದು ಮೇಲೆ ಎರಡು ಚಮಚ ಅಡುಗೆ ಎಣ್ಣೆ ಬಿಡಿ, ಬೇಗ ಆರೋದಿಲ್ಲ. ಕಾರಿನ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಡಿ. ಕೊಬ್ಬರಿ ಗಿಟುಕನ್ನು ಸೂಟ್‌ಕೇಸಿನಲ್ಲಿ ತುಂಬಬೇಡಿ, ಬೇಗ ಹೊತ್ತಿಕೊಳ್ಳುತ್ತದೆಂದು ವಿಮಾನದವರು ತೆಗೆದಿಡುತ್ತಾರೆ. ಹಸಿ ಕರಿಬೇವನ್ನು ಅಲ್ಲಿನ ಕಸ್ಟಮ್ಸ್‌ನವರು ಬಿಡೋದಿಲ್ಲ.

ಕೊನೆಗೆ, ಬೀಗರ ವಿಷಯ. ಹದಿಮೂರನೇ ವಾರದಿಂದ ಅಳಿಯನ ಅಪ್ಪ ಅಮ್ಮ ಬರಲಿ ಅನ್ನೋದು ಒಳ್ಳೆಯ ಏರ್ಪಾಟು, ಬಹಳ ಮನೆಗಳಲ್ಲಿ ಹೀಗೇ ನಡೆಯುತ್ತದೆ. ಆದರೆ "ಇಬ್ಬರೂ ಒಂದು ತಿಂಗಳು ಜೊತೆಗಿರಿ, ಎಷ್ಟು ಚೆನ್ನ" ಅಂತ ಮಗಳು ಅಂದರೆ ಒಪ್ಪಬೇಡಿ. ಎರಡು ಬೆಡ್‌ರೂಮಿನ ಮನೆಯಲ್ಲಿ ನಾಲ್ಕು ದಿನ ಸಾಕು. ಒಂದು ದಿನ ಅವರ ಜೆಟ್ ಲ್ಯಾಗ್‌ಗೆ, ಒಂದು ದಿನ ಒಲೆ, ವಾಷಿಂಗ್ ಮೆಷಿನ್, ಅಲಾರಂ ಗುಂಡಿ ತೋರಿಸೋಕೆ, ಒಂದು ದಿನ ಮಗುವಿನ ಹಾಲಿನ ವೇಳೆ ಹೇಳಿಕೊಡೋಕೆ. ನಾಲ್ಕನೇ ದಿನ ಬೀಗಿತ್ತಿ "ನಿಮ್ಮ ಸಾರಿನ ಪುಡಿಗೆ ಕೊತ್ತಂಬರಿ ಸ್ವಲ್ಪ ಜಾಸ್ತಿ ಆಯ್ತೇನೋ ಅಲ್ವಾ?" ಅನ್ನುವ ಹೊತ್ತಿಗೆ ನಿಮ್ಮ ಟ್ಯಾಕ್ಸಿ ಬಾಗಿಲಲ್ಲಿ ನಿಂತಿರಬೇಕು.