ಉಸಿರಾಟದ ವಿಡಿಯೋ ಒಂದೇ ಸಾಲದು

ದಿನಾ ಹತ್ತು ನಿಮಿಷ ಆ್ಯಪ್‌ನಲ್ಲಿ ಉಸಿರಾಟದ ಅಭ್ಯಾಸ ಮಾಡಿದರೆ ಆತಂಕ ಹೋಗುತ್ತದೆ ಎಂದು ಲೇಖನವೊಂದರಲ್ಲಿ ಓದಿದೆ; ಆ ಮಾತನ್ನು ಒಪ್ಪಲಾರೆ. ಅದರಿಂದ ಆ ಹೊತ್ತಿನ ಎದೆಬಡಿತ ಇಳಿದೀತು, ಭಯ ಹಾಗೇ ಉಳಿಯುತ್ತದೆ. ಯೋಚನೆ, ನಡವಳಿಕೆ ಬದಲಿಸಿ ಆತಂಕ ಇಳಿಸುವ ಮಾತಿನ ಚಿಕಿತ್ಸೆಯಾದ ಸಿಬಿಟಿಯಲ್ಲಿ ನಿಜವಾದ ಕೆಲಸ ಶುರುವಾಗುವುದೇ ಥೆರಪಿಸ್ಟ್ ಜೊತೆಗಿನ ವಿಡಿಯೋ ಕಾಲ್ ಮುಗಿದ ಮೇಲೆ. ದಾವಣಗೆರೆಯಿಂದ ಹರಿಹರಕ್ಕೆ ತುಂಬಿದ ಬಸ್ಸಿನಲ್ಲಿ ಹೋಗಲು ಹೆದರುವವರು ಮೊದಲು ನಿಲ್ದಾಣದಲ್ಲಿ ಸುಮ್ಮನೆ ನಿಲ್ಲಬೇಕು, ಆಮೇಲೆ ಒಂದೇ ಸ್ಟಾಪ್, ಆಮೇಲೆ ಪೂರ್ತಿ ದಾರಿ. ಪ್ರತಿ ಹಂತವನ್ನೂ ವಾರಕ್ಕೆ ನಾಲ್ಕೈದು ಸಲ. ಹೆಚ್ಚಿನವರು ಎಡವುವುದು ಇಲ್ಲೇ: ಭಯ ಏರಿದ ಕೂಡಲೇ ಬಸ್ಸಿನಿಂದ ಇಳಿದುಬಿಟ್ಟರೆ, ಇಳಿದಿದ್ದಕ್ಕೇ ಬಚಾವಾದೆ ಎಂದು ಮನಸ್ಸು ಕಲಿತುಬಿಡುತ್ತದೆ. ಕೈಯಲ್ಲಿ ಬಿಗಿಯಾಗಿ ಹಿಡಿದ ನೀರಿನ ಬಾಟಲಿ, ಪಕ್ಕದಲ್ಲಿ ಕಾವಲಿಗೆ ತಮ್ಮ, ಇವೂ ಅದೇ ಪಾಠ ಕಲಿಸುತ್ತವೆ. ಹಂತ ಹಂತವಾಗಿ ಅವನ್ನೂ ಬಿಡಬೇಕು. ಇದನ್ನೆಲ್ಲ ವಾರವಾರ ವಿಚಾರಿಸುವ ಥೆರಪಿಸ್ಟ್ ಇಲ್ಲದ ಆ್ಯಪ್‌ಗಳನ್ನು ಜನ ಅರ್ಧಕ್ಕೇ ಬಿಡುವುದು ಹೆಚ್ಚು.

ಇನ್ನೊಂದು ಮಾತು ಲೇಖನದಲ್ಲಿ ಬರಲೇಬೇಕಿತ್ತು. ಕೈ ನಡುಕ, ಎದೆಬಡಿತ, ತೂಕ ಇಳಿಕೆ ಒಟ್ಟಿಗೇ ಇದ್ದರೆ ಮೊದಲು ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ. ಸಾಯುವ ಯೋಚನೆ ಬರುತ್ತಿದ್ದರೆ ಮುಂದಿನ ಆನ್‌ಲೈನ್ ಸೆಷನ್‌ಗೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.