ಜಿಟಿಎ ಆರಕ್ಕೆ ಅಜ್ಜಿಯ ಪಂಚಾಂಗ

ಮನೆಯಲ್ಲಿ ಒಬ್ಬ ವಿಡಿಯೋ ಗೇಮ್ ಅಭಿಮಾನಿ ಇದ್ದರೆ ಆಟದ ಗಲಾಟೆಗಿಂತ ಆಟದ ಸುದ್ದಿಯ ಗಲಾಟೆಯೇ ಜಾಸ್ತಿ. ಆಟವನ್ನಾದರೂ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಆಡುತ್ತಾರೆ. ಸುದ್ದಿಯನ್ನು ಮನೆಮಂದಿಗೆಲ್ಲ ಕೂಗಿ ಹೇಳಬೇಕು. ಅದೂ ನಡುರಾತ್ರಿ. ಯಾಕೆಂದರೆ ಸುದ್ದಿ ಹುಟ್ಟುವುದು ಅಮೆರಿಕದ ಗಡಿಯಾರ ನೋಡಿಕೊಂಡು.

ನಮ್ಮ ಮನೆಯ ಅಭಿಮಾನಿ ನನ್ನ ಅಕ್ಕನ ಮಗ. ಹಾಸನದ ಹುಡುಗ. ಇಂಜಿನಿಯರಿಂಗ್ ಓದೋಕೆ ಅಂತ ತ್ಯಾಗರಾಜನಗರದ ನಮ್ಮ ಮನೆಗೆ ಬಂದ. ಬರುವಾಗ ಒಂದು ಸೂಟ್‌ಕೇಸು, ಒಂದು ಮೂಟೆ ಅಕ್ಕಿ, ಜೊತೆಗೆ ‘ಜಿಟಿಎ 6 ಯಾವಾಗ?’ ಅನ್ನೋ ಪ್ರಶ್ನೆ ತಂದಿದ್ದ. ಅಕ್ಕಿ ಖಾಲಿಯಾಗಿ ಕಾಲವಾಯಿತು. ಪ್ರಶ್ನೆ ಹಾಗೇ ಇದೆ. ‘ಗ್ರ್ಯಾಂಡ್ ಥೆಫ್ಟ್ ಆಟೋ’ ಅನ್ನೋ ಈ ವಿಡಿಯೋ ಗೇಮ್‌ನ ಐದನೇ ಭಾಗ ಬಂದಿದ್ದು 2013ರ ಸೆಪ್ಟೆಂಬರ್‌ನಲ್ಲಿ. ಆಗ ಇವನು ನಾಲ್ಕನೇ ಕ್ಲಾಸು. ಈಗ ಇಂಜಿನಿಯರಿಂಗ್ ಕೊನೇ ವರ್ಷ.

ಹಾಗಂತ ದಿನವಿಡೀ ಆಟ ಆಡುತ್ತಾನೆ ಅಂದುಕೊಳ್ಳಬೇಡಿ. ಆಡುವುದು ಕಡಿಮೆ. ಅವನಿಗೆ ಬೇಕಾದ ಆಟಗಳು ಬಂದರೆ ತಾನೇ ಆಡುವುದು? ಬರಲಿರುವ ಆಟದ ಬಗ್ಗೆ ಓದುವುದು, ಬರುತ್ತೋ ಇಲ್ವೋ ಅಂತ ಫ್ರೆಂಡ್ಸ್ ಜೊತೆ ಜಗಳ ಕಾಯುವುದು, ಟ್ರೇಲರ್‌ನಲ್ಲಿ ಹಾದುಹೋದ ಕಾರಿನ ನಂಬರ್ ಪ್ಲೇಟನ್ನು ಜೂಮ್ ಮಾಡಿ ನೋಡುವುದು, ಇದೇ ಕಸುಬು.

ಮೊದಲ ಟ್ರೇಲರ್ 2023ರ ಡಿಸೆಂಬರ್ 5ರಂದು ನಮ್ಮ ಸಂಜೆ ಏಳೂವರೆಗೆ ಅಂತ ಗೊತ್ತಾಗಿತ್ತು. ಹುಡುಗರ ದಂಡಿಗೆ ಆಮಂತ್ರಣ ಹೋಯಿತು. ನನ್ನ ಹೆಂಡತಿ ಮೆಣಸಿನಕಾಯಿ ಬಜ್ಜಿಗೆ ಹಿಟ್ಟು ಕಲೆಸಲು ಒಪ್ಪಿಕೊಂಡಳು. ಆದರೆ ಬೆಳಗಿನ ಜಾವ, ಹಾಲಿನವನು ಬರುವ ಹೊತ್ತಿಗೆ, ಟ್ರೇಲರನ್ನು ಯಾರೋ ಕದ್ದು ಹೊರಗೆ ಬಿಟ್ಟಿದ್ದರು. ಕಂಪನಿಯವರೂ ಬೇರೆ ದಾರಿ ಕಾಣದೆ ಆಗಲೇ ಬಿಡುಗಡೆ ಮಾಡಿಬಿಟ್ಟರು. ಕಾರು ಕದಿಯೋ ಆಟದ ಟ್ರೇಲರೇ ಕಳುವಾಗಿತ್ತು! ಸಂಜೆ ಬಂದ ಹುಡುಗರೆಲ್ಲ ಅದನ್ನು ಬೆಳಗ್ಗಿನಿಂದ ನೋಡಿ ನೋಡಿ ಬಾಯಿಪಾಠ ಮಾಡಿದ್ದವರೇ. ಆದರೂ ಟಿವಿಯಲ್ಲಿ ಹಾಕಿದಾಗ ಈಗಷ್ಟೇ ನೋಡುತ್ತಿರುವವರ ಹಾಗೆ ಕಿರುಚಿದರು. ಇವಳು ಮೊದಲ ಒಬ್ಬೆ ಬಜ್ಜಿ ಎಣ್ಣೆಗೆ ಬಿಟ್ಟಳು. ಅದು ಕೆಂಪಗಾಗುವಷ್ಟರಲ್ಲಿ ಟ್ರೇಲರ್ ಮುಗಿದಿತ್ತು. ಇದ್ದದ್ದೇ ಒಂದೂವರೆ ನಿಮಿಷ.

“ಇಷ್ಟಕ್ಕೆ ಎರಡು ಕೇಜಿ ಕಡಲೆಹಿಟ್ಟು ತರಿಸಿದ್ರಾ?” ಅಂತ ಅಡುಗೆಮನೆಯಿಂದ ದನಿ ಬಂತು. ಒಂದೇ ದಿನದಲ್ಲಿ ಯೂಟ್ಯೂಬ್‌ನಲ್ಲಿ ಅದನ್ನು 9 ಕೋಟಿಗೂ ಹೆಚ್ಚು ಸಲ ನೋಡಿದರಂತೆ. ಒಂದಷ್ಟು ನೂರು ನಮ್ಮ ಹಾಲ್‌ನದ್ದೇ ಇರಬೇಕು.

ಆಮೇಲೆ 2024 ಪೂರ್ತಿ ಎರಡನೇ ಟ್ರೇಲರ್‌ನ ಸುಳಿವಿಲ್ಲ. ಕಾದು ಕಾದು ಅಭಿಮಾನಿಗಳು ಆಕಾಶ ನೋಡಲು ಶುರು ಮಾಡಿದರು. ಸುಮ್ನೆ ಹೇಳ್ತಿಲ್ಲ. ಕಂಪನಿಯವರು ಹಾಕುವ ಚಿತ್ರಗಳಲ್ಲಿ ಚಂದ್ರ ಎಷ್ಟು ಕಾಣುತ್ತಾನೆ ಅಂತ ಅಳೆದು, ಅದರ ಮೇಲೆ ಟ್ರೇಲರ್ ಯಾವ ದಿನ ಬರುತ್ತೆ ಅಂತ ಲೆಕ್ಕ ಹಾಕುವ ದೊಡ್ಡ ಪಂಥವೇ ಹುಟ್ಟಿಕೊಂಡಿತು. ನಮ್ಮವನು ಇದನ್ನು ಊಟಕ್ಕೆ ಕೂತಾಗ ವಿವರಿಸಿದ. ನಮ್ಮಮ್ಮ ಅನ್ನ ಕಲೆಸುತ್ತಿದ್ದವರು ಕೈ ನಿಲ್ಲಿಸಿ ಕೇಳಿದರು: “ಹೌದಾ? ಅವರೂ ನಮ್ಮ ಹಾಗೆ ಚಾಂದ್ರಮಾನದವರಾ?”

ಚಂದ್ರನ ಲೆಕ್ಕ ತಪ್ಪಿತು. ಟ್ರೇಲರ್ ಬರಲಿಲ್ಲ. ಆದರೆ ಅಮ್ಮನಿಗೆ ಆ ಆಟದ ಮೇಲೆ ಅವತ್ತಿನಿಂದ ಒಂದು ಗೌರವ.

2025ರ ಮೇ 2. ಸಂಜೆ ಕಾಫಿ ಹೊತ್ತು. ರೂಮಿನಿಂದ ಹುಡುಗ ಓಡಿ ಬಂದ. “ಡೇಟ್ ಫಿಕ್ಸ್ ಆಯ್ತು! ಬರೋ ವರ್ಷ ಮೇ 26!” ಅವನ ಮುಖದಲ್ಲಿ ಅಳುವೂ ಇತ್ತು, ನಗುವೂ ಇತ್ತು. ಅದೇ ವರ್ಷ ಬರಬೇಕಿದ್ದ ಆಟ ಮುಂದಕ್ಕೆ ಹೋಗಿದೆ ಅಂತ ಸಂಕಟ. ಕೊನೆಗೂ ಒಂದು ತಾರೀಕು ಸಿಕ್ಕಿತಲ್ಲ ಅಂತ ಖುಷಿ. ಅಮ್ಮ ಇದ್ದದ್ದು ದೇವರ ಮನೆಯಲ್ಲಿ. ಅಲ್ಲಿಗೆ ಕೇಳಿಸಿದ್ದು ‘ಡೇಟ್ ಫಿಕ್ಸ್’ ಮತ್ತು ‘ಮೇ 26’ ಮಾತ್ರ.

ಇಲ್ಲೊಂದು ವಿಷಯ ಹೇಳಬೇಕು. ಇವನಿಗೊಬ್ಬಳು ಅಕ್ಕ ಇದ್ದಾಳೆ. ಅವಳಿಗೆ ಆಗ ಗಂಡು ನೋಡುತ್ತಿದ್ದರು. ಅಮ್ಮ ಕೂತಲ್ಲೇ ಬೆರಳು ಮಡಚಿದರು. ಹೋದ ಸಲ 2023ರಲ್ಲಿ ಶ್ರಾವಣ ಅಧಿಕ ಬಂದಿತ್ತು. ಅಧಿಕ ಮಾಸ ಬರುವುದು ಸುಮಾರು 33 ತಿಂಗಳಿಗೊಮ್ಮೆ. ಅಂದರೆ ಬರೋ ವರ್ಷ ಜ್ಯೇಷ್ಠ. ಪುರೋಹಿತರಿಗೆ ಫೋನ್ ಹೋಯಿತು. ಅವರೂ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ ಅಂದರು. ಮುಂದಿನ ಫೋನ್ ಹಾಸನಕ್ಕೆ.

“ನನಗೊಂದು ಮಾತು ಹೇಳದೆ ದಿನ ಗೊತ್ತು ಮಾಡಿದ್ರಾ? ಅದೂ ಅಧಿಕ ಮಾಸದಲ್ಲಿ? ಅದೂ ಮಂಗಳವಾರ?”

ಅಕ್ಕನಿಗೆ ತಲೆಬುಡ ತಿಳಿಯಲಿಲ್ಲ. ತನಗೆ ಹೇಳದೆ ಗಂಡ ಎಲ್ಲೋ ಮಾತು ಕೊಟ್ಟಿದ್ದಾರೆ ಅಂದುಕೊಂಡಳು. ಭಾವ ಪಾಪ ಆಗಷ್ಟೇ ಬ್ಯಾಂಕಿನಿಂದ ಬಂದು ಶೂ ಬಿಚ್ಚುತ್ತಿದ್ದರು. ಒಂದು ಶೂ ಕಾಲಲ್ಲೇ ಇರುವಾಗ ವಿಚಾರಣೆ ಶುರುವಾಯಿತಂತೆ. ಭಾವ ತಮ್ಮ ಅಣ್ಣನ ಮೇಲೆ ಅನುಮಾನಪಟ್ಟರು. ಅವರಿಗೆ ಫೋನ್ ಮಾಡಿದರು. ಅವರು ಅರಕಲಗೂಡಿನ ಷಡ್ಡಕನಿಗೆ ಮಾಡಿದರು. ಇಲ್ಲಿ ನಾನು ಅಮ್ಮನಿಗೆ ಇದು ಮದುವೆ ಅಲ್ಲ, ಆಟ ಅಂತ ಬಿಡಿಸಿ ಹೇಳುವಷ್ಟರಲ್ಲಿ ಅರ್ಧ ಜಿಲ್ಲೆಯಲ್ಲಿ ಮದುವೆ ನಿಶ್ಚಯವಾಗಿತ್ತು. ಹುಡುಗಿಗೆ ಮೂರು ಜನ ವಾಟ್ಸಾಪ್‌ನಲ್ಲಿ ಅಭಿನಂದನೆ ಹೇಳಿ, ಹುಡುಗ ಏನು ಮಾಡ್ಕೊಂಡಿದಾನೆ ಅಂತಲೂ ಕೇಳಿದ್ದರು.

ಆಟ ಅಂತ ಗೊತ್ತಾದ ಮೇಲೂ ಅಮ್ಮ ಪಟ್ಟು ಬಿಡಲಿಲ್ಲ. “ಯಾವುದಾದರೇನು? ಇಷ್ಟು ವರ್ಷ ಕಾದು ಅಧಿಕ ಮಾಸದಲ್ಲಿ ಯಾರಾದರೂ ಶುರು ಮಾಡ್ತಾರಾ? ನೋಡ್ತಿರು, ಅದು ಮುಂದಕ್ಕೆ ಹೋಗುತ್ತೆ.” ಹುಡುಗ ನಕ್ಕ.

ಆ ವರ್ಷ ಬೆಂಗಳೂರಿಗೆ ಒಂಥರಾ ಬಾಕಿ ಚುಕ್ತಾ ವರ್ಷ. ಜೂನ್ 3ಕ್ಕೆ ಆರ್‌ಸಿಬಿ 18ನೇ ಸೀಸನ್‌ನಲ್ಲಿ ಕಪ್ ಗೆದ್ದಿತು. ಇಡೀ ಬೀದಿ ಪಟಾಕಿ ಹೊಡೆಯುತ್ತಿದ್ದರೆ ನಮ್ಮವನ ಮೊದಲ ಮಾತು, “ಜಿಟಿಎ 6ಗಿಂತ ಮುಂಚೆ ಕಪ್ ಬಂತು ಮಾಮ!” ಈಗಿನ ಹುಡುಗರಿಗೆ ಕಾಲ ಅಳೆಯುವ ಮಾಪಕವೇ ಇದು. ಯಾವುದೇ ಅಸಾಧ್ಯ ನಡೆದರೂ ಅದು ಜಿಟಿಎ 6ಗಿಂತ ಮುಂಚೆ ನಡೆಯಿತು ಅಂತಲೇ ದಾಖಲಾಗುತ್ತದೆ. ಈಜೀಪುರ ಫ್ಲೈಓವರ್ ಒಂದು ಮಾತ್ರ ಇದಕ್ಕೆ ಸರಿಸಮ ಪೈಪೋಟಿ ಕೊಡುತ್ತಿದೆ. 2017ರಲ್ಲಿ ಶುರುವಾದ ಅದರ ಕಂಬಗಳನ್ನು ನೋಡಿಕೊಂಡೇ ಒಂದು ತಲೆಮಾರು ಡಿಗ್ರಿ ಮುಗಿಸಿತು.

ನಮ್ಮಿಬ್ಬರ ನಡುವೆಯೂ ಒಂದು ಬೆಟ್ ಇತ್ತು. ಅವನ ಇನ್ನೊಂದು ಮನೆದೇವರು ಹಾಲೋ ನೈಟ್: ಸಿಲ್ಕ್‌ಸಾಂಗ್. ಹುಳುಗಳ ಲೋಕದ ಆಟ. ನಾಯಕಿಯ ಹೆಸರು ಹಾರ್ನೆಟ್, ಅವಳ ಆಯುಧ ಒಂದು ಉದ್ದನೆಯ ಸೂಜಿ. ಆಸ್ಟ್ರೇಲಿಯಾದ ಅಡಿಲೇಡ್‌ನ ಟೀಮ್ ಚೆರ್ರಿ ಅನ್ನೋ ಪುಟ್ಟ ತಂಡ 2019ರ ಫೆಬ್ರವರಿಯಲ್ಲಿ ಇದನ್ನು ಘೋಷಿಸಿ, ಆಮೇಲೆ ತನ್ನ ಪಾಡಿಗೆ ತಾನು ಕೆಲಸ ಮಾಡಿಕೊಂಡಿತ್ತು. ಒಬ್ಬ ಪುಣ್ಯಾತ್ಮ ಯೂಟ್ಯೂಬ್‌ನಲ್ಲಿ ದಿನಾ ಒಂದು ವಿಡಿಯೋ ಹಾಕುತ್ತಿದ್ದ. ವಿಷಯ: ಇವತ್ತು ಸಿಲ್ಕ್‌ಸಾಂಗ್ ಬಗ್ಗೆ ಹೇಳುವಂಥ ಸುದ್ದಿ ಏನೂ ಇಲ್ಲ. ವರ್ಷಗಟ್ಟಲೆ ಇದೇ. ಸುದ್ದಿ ಇಲ್ಲದ ದಿನ ಸುದ್ದಿ ಇಲ್ಲ ಅನ್ನುವ ಪ್ರಾಮಾಣಿಕತೆ ನಮ್ಮ ಟಿವಿ ಚಾನೆಲ್‌ಗಳಿಗೆ ಎಲ್ಲಿಂದ ಬರಬೇಕು ಹೇಳಿ. ನಮ್ಮವನು ಅದನ್ನು ನೋಡಿಯೇ ಹಲ್ಲುಜ್ಜಲು ಹೋಗುತ್ತಿದ್ದ.

ನಾನು ಕಾಯುತ್ತಿದ್ದದ್ದು ಹಳದಿ ಮೆಟ್ರೋಗೆ. ಆಫೀಸು ಎಲೆಕ್ಟ್ರಾನಿಕ್ ಸಿಟಿ, ದಾರಿಯಲ್ಲಿ ಸಿಲ್ಕ್ ಬೋರ್ಡ್. ಇನ್ನೇನು ವಿವರಿಸಲಿ? ಮೆಟ್ರೋ ಮೊದಲೋ, ಸಿಲ್ಕ್‌ಸಾಂಗ್ ಮೊದಲೋ ಅಂತ ಬೆಟ್ ಕಟ್ಟಿದೆವು. ಸೋತವರು ಗಾಂಧಿ ಬಜಾರಿನಲ್ಲಿ ಮನೆಯವರಿಗೆಲ್ಲ ಮಸಾಲೆ ದೋಸೆ ಕೊಡಿಸಬೇಕು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ 19 ಕಿಲೋಮೀಟರ್ ಹಳದಿ ಮಾರ್ಗ 2025ರ ಆಗಸ್ಟ್ 10ಕ್ಕೆ ಉದ್ಘಾಟನೆಯಾಯಿತು. ಸಿಲ್ಕ್‌ಸಾಂಗ್ ಬಂದಿದ್ದು ಸೆಪ್ಟೆಂಬರ್ 4ಕ್ಕೆ. ಈ ಊರಿನಲ್ಲಿ ಮೆಟ್ರೋ ಕಾಮಗಾರಿಯ ಮೇಲೆ ಬೆಟ್ ಕಟ್ಟಿ ಗೆದ್ದವನು ನಾನೊಬ್ಬನೇ ಇರಬೇಕು. ದೋಸೆಯ ಬಿಲ್ ಮಾತ್ರ ನಾನೇ ಕೊಟ್ಟೆ. ಓದೋ ಹುಡುಗನ ಹತ್ತಿರ ದುಡ್ಡೆಲ್ಲಿ?

ಇದೇ ಕಾರಣಕ್ಕೆ ಸಿಲ್ಕ್‌ಸಾಂಗ್ ಕೊಳ್ಳುವ ಕಾರ್ಡೂ ನನ್ನದೇ ಆಗಿತ್ತು. ಬಿಡುಗಡೆ ಸಂಜೆ ಏಳೂವರೆಗೆ. ನಾನು ಆಗ ಹಳದಿ ಮೆಟ್ರೋದಲ್ಲಿ. ಆ ದಿನಗಳಲ್ಲಿ ಓಡುತ್ತಿದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಬೋಗಿಯಲ್ಲಿ ಕಾಲಿಡಲು ಜಾಗವಿಲ್ಲ. ಹೊಸ ರೋಡ್ ದಾಟುತ್ತಿದ್ದ ಹಾಗೆ ಫೋನ್ ಬಂತು. ಲೋಕದ ಅಭಿಮಾನಿಗಳೆಲ್ಲ ಒಟ್ಟಿಗೆ ನುಗ್ಗಿ ದೊಡ್ಡ ದೊಡ್ಡ ಆನ್‌ಲೈನ್ ಗೇಮ್ ಅಂಗಡಿಗಳೇ ಮಕಾಡೆ ಮಲಗಿದ್ದವು. ಇವನಿಗೆ ಹೇಗೋ ದುಡ್ಡು ಕಟ್ಟುವ ಪುಟ ತೆರೆದುಕೊಂಡಿತ್ತು. ಮೆಸೇಜು ನೋಡಿಕೊಂಡು ಹೇಳಬೇಕಲ್ಲ ಅಂತ ನಾನು ಸ್ಪೀಕರ್ ಒತ್ತಿದೆ.

“ಮಾಮ, ಓಟಿಪಿ ಬಂತಾ? ಬೇಗ ಹೇಳು, ಟೈಮ್ ಇಲ್ಲ!” ದನಿ ನಡುಗುತ್ತಿತ್ತು.

ಪಕ್ಕದಲ್ಲಿದ್ದ ಹಿರಿಯರೊಬ್ಬರು ನನ್ನ ಮಣಿಕಟ್ಟು ಹಿಡಿದುಕೊಂಡರು. “ಹೇಳಬೇಡಿ ಸಾರ್. ಹೀಗೇ ಅರ್ಜೆಂಟ್ ಮಾಡ್ತಾರೆ.”

“ಇಲ್ಲ ಸಾರ್, ನಮ್ಮಕ್ಕನ ಮಗ.”

“ಎಲ್ಲರೂ ಹಾಗೇ ಅಂದುಕೊಳ್ಳೋದು. ಈಗ ಎಐ ಬಂದಿದೆ, ಮನೆಯವರ ದನೀಲೇ ಮಾತಾಡ್ತಾರೆ.”

ಎದುರಿಗಿದ್ದ ಐಡಿ ಕಾರ್ಡಿನ ಹುಡುಗಿ, “ಅಂಕಲ್, ಕಟ್ ಮಾಡಿ 1930ಕ್ಕೆ ಕಾಲ್ ಮಾಡಿ” ಅಂದಳು. ಯಾರೋ ಹಿಂದಿನಿಂದ ಏನು ಕೊಳ್ಳೋಕೆ ಅಂತ ಕೇಳಿದರು. “ಹುಳುಗಳ ಆಟ” ಅಂದೆ. ಅಲ್ಲಿಗೆ ನನ್ನ ಮರ್ಯಾದೆ ಪೂರ್ತಿ ಹೋಯಿತು. ಹಿರಿಯರು ಫೋನಿನ ಹತ್ತಿರ ಬಾಗಿ ಗದರಿಸಿದರು. “ಲೋ, ನಿಜವಾಗಲೂ ಅಕ್ಕನ ಮಗ ಆದರೆ ನಿಮ್ಮಜ್ಜಿ ಹೆಸರು ಹೇಳು ನೋಡೋಣ?”

ಆ ಕಡೆ ಒಂದು ಕ್ಷಣ ಮೌನ. “ಅಜ್ಜಿ... ಅಜ್ಜಿ ಅಂತಲೇ ಕರೆಯೋದು...”

“ನೋಡಿದ್ರಾ!” ಬೋಗಿಗೆ ಬೋಗಿಯೇ ನಿಟ್ಟುಸಿರು ಬಿಟ್ಟಿತು. ಕೂಡ್ಲು ಗೇಟ್ ಬರುವಷ್ಟರಲ್ಲಿ ಓಟಿಪಿ ಅವಧಿ ಮುಗಿದಿತ್ತು.

ಆಗ ಬಾಗಿಲ ಹತ್ತಿರ ನಿಂತಿದ್ದ ಕಾಲೇಜು ಹುಡುಗನೊಬ್ಬ ಜನರನ್ನು ಸರಿಸಿಕೊಂಡು ಬಂದ. “ಅಂಕಲ್, ಸಿಲ್ಕ್‌ಸಾಂಗಾ? ಓಪನ್ ಆಯ್ತಾ?” ಹೌದು ಅಂದೆ. “ಸಾರ್, ಇದು ನಿಜ, ಅವರಿಗೆ ಹೇಳೋಕೆ ಬಿಡಿ” ಅಂತ ಸಭೆಗೆ ಸಾರಿದ. ನನಗೊಬ್ಬ ಜಾಮೀನುದಾರ ಸಿಕ್ಕಿದ ಅಂತ ಸಮಾಧಾನ ಪಡುವಷ್ಟರಲ್ಲಿ ಅವನು ತನ್ನ ಫೋನ್ ತೆಗೆದು, “ಅಪ್ಪಾ, ಈಗೊಂದು ಓಟಿಪಿ ಬರುತ್ತೆ, ಸ್ವಲ್ಪ ಬೇಗ ಹೇಳಿಬಿಡಿ” ಅಂದ. ಹಿರಿಯರು ನನ್ನ ಕೈ ಬಿಟ್ಟು ಅವನ ಕಡೆ ತಿರುಗಿದರು.

ನವೆಂಬರ್ ಮೊದಲ ವಾರ ಒಂದು ರಾತ್ರಿ ಎರಡೂವರೆಗೆ ರೂಮಿನಿಂದ ಮತ್ತೆ ಕೂಗು. ಎಲ್ಲರೂ ಎದ್ದೆವು. ಜಿಟಿಎ 6 ಪುನಃ ಮುಂದಕ್ಕೆ ಹೋಗಿತ್ತು. ಹೊಸ ತಾರೀಕು 2026ರ ನವೆಂಬರ್ 19. ಇನ್ನಷ್ಟು ಪಾಲಿಶ್ ಮಾಡಬೇಕು ಅಂತ ಕಂಪನಿಯವರು ಕಾರಣ ಕೊಟ್ಟರಂತೆ. ಅಮ್ಮ ಅದನ್ನು ನಂಬಲಿಲ್ಲ. “ಯಾರೋ ತಿಳಿದವರು ಹೇಳಿರಬೇಕು” ಅಂದರು. ಮತ್ತೆ ಬೆರಳು ಮಡಚಿದರು. “ಅಧಿಕ ಬಂದ ವರ್ಷ ದೀಪಾವಳಿ ತಡ. ಅದು ಕಳೆದು ಕಾರ್ತಿಕ. ಅವತ್ತು ಗುರುವಾರ. ಪರವಾಗಿಲ್ಲ, ಒಳ್ಳೇ ದಿನ. ಈಗ ಮಲಕ್ಕೊ.”

ಈ ಭವಿಷ್ಯ ನಿಜವಾದ ಸುದ್ದಿ ಹುಡುಗರ ಗುಂಪಿನಲ್ಲಿ ಹಬ್ಬಿತು. ಶನಿವಾರ ದಂಡು ಮನೆಗೆ ಬಂತು. ಈ ಸಲ ಟಿವಿ ಹಾಕಲಿಲ್ಲ. ಎಲ್ಲರೂ ಅಮ್ಮನ ಮಂಚದ ಸುತ್ತ ಕೂತರು. ದಿ ಎಲ್ಡರ್ ಸ್ಕ್ರೋಲ್ಸ್ 6 ಅನ್ನೋ ಆಟ ಯಾವಾಗ ಬರುತ್ತೆ ಅನ್ನೋದು ಮೊದಲ ಪ್ರಶ್ನೆ.

“ಬರುತ್ತೆ ಅಂತ ಹೇಳಿದ್ದು ಯಾವಾಗ?”

“2018, ಜೂನ್ 10 ಅಜ್ಜಿ.”

ಅಮ್ಮ ಕಣ್ಣು ಮುಚ್ಚಿ ಯೋಚಿಸಿದರು. “ಆ ವರ್ಷವೂ ಜ್ಯೇಷ್ಠವೇ ಅಧಿಕ ಬಂದಿದ್ದು. ಅದಕ್ಕೇ ನಮ್ಮ ತಂಗಿ ಮನೆ ಗೃಹಪ್ರವೇಶ ಮುಂದಕ್ಕೆ ಹೋಗಿತ್ತು. ಅಧಿಕ ಮಾಸದಲ್ಲಿ ಬಾಯಿ ಬಿಟ್ಟರೆ ಹೀಗೇ.”

ಹುಡುಗರು ಮೊಬೈಲ್‌ನಲ್ಲಿ ಪಂಚಾಂಗ ತೆಗೆದು ನೋಡಿದರು. ನಿಜ. ಒಬ್ಬನಿಗೆ ರೋಮಾಂಚನವೇ ಆಯಿತು. ಪರಿಹಾರ ಏನು ಅಂತ ಕೇಳಿದ. ಅಧಿಕ ಮಾಸದಲ್ಲಿ 33 ಕಜ್ಜಾಯ ದಾನ ಕೊಡಬೇಕು ಅಂದರು ಅಮ್ಮ. ಯಾರು ಕರೀತಾರೆ ಅಂತ ನನ್ನ ಹೆಂಡತಿ ಕೇಳಿದಳು. ಯಾರೂ ಉತ್ತರ ಕೊಡಲಿಲ್ಲ. ನಾವೇ ದಾನ ತಗೋತೀವಿ ಅಂತ ಮಾತ್ರ ಎಲ್ಲರೂ ಕೈ ಎತ್ತಿದರು. ಅದು ಆಗದು, ದೋಷ ಮಾಡಿದವರ ಹೆಸರಿನಲ್ಲಿ ಆಗಬೇಕು ಅಂತ ಅಮ್ಮ ಸೇರಿಸಿದರು.

ನಮ್ಮವನು ಅವತ್ತು ಸಂಜೆ ಗಾಂಧಿ ಬಜಾರಿನ ಕೊರಿಯರ್ ಅಂಗಡಿಗೆ ಹೋದ. ಅಮೆರಿಕದ ಮೇರಿಲ್ಯಾಂಡ್‌ನ ರಾಕ್‌ವಿಲ್‌ನಲ್ಲಿರುವ, ಎಲ್ಡರ್ ಸ್ಕ್ರೋಲ್ಸ್ ಮಾಡುವ ಗೇಮ್ ಕಂಪನಿಗೆ 33 ಕಜ್ಜಾಯ ಕಳಿಸೋಕೆ ಎಷ್ಟಾಗುತ್ತೆ ಅಂತ ವಿಚಾರಿಸಿದ. ಅಂಗಡಿಯವನು ಒಂದು ಚೂರೂ ಆಶ್ಚರ್ಯಪಡದೆ ತೂಕದ ಮೆಷಿನ್ ಒರೆಸುತ್ತಾ ಕೇಳಿದನಂತೆ: “ಎಳ್ಳು ಹಾಕಿದ್ದೋ, ಗಸಗಸೆದೋ? ಗಸಗಸೆ ಆದ್ರೆ ಕೆಲವು ದೇಶಕ್ಕೆ ತಗೊಳಲ್ಲ. ಮತ್ತೆ ಎಣ್ಣೆ ಬಿಡದ ಹಾಗೆ ಡಬಲ್ ಪ್ಯಾಕಿಂಗ್ ಮಾಡಿಸ್ಕೊಂಡು ಬನ್ನಿ.”