ಮಂಗನ ಕೇಸಿಗೆ ಸಾಕ್ಷಿ ಇಲ್ಲ

ಅಕ್ಕನ ಮಗಳು ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ಹತ್ತನೇ ಕ್ಲಾಸು. ಮೊನ್ನೆ ಅವಳ ವಿಜ್ಞಾನದ ಪುಸ್ತಕ, ಕೇಂದ್ರದ ಎನ್‌ಸಿಇಆರ್‌ಟಿಯವರದ್ದು, ಸುಮ್ನೆ ತಿರುವಿ ಹಾಕಿದೆ. ಅವಳ ಅಣ್ಣನ ಕಾಲದಲ್ಲಿ 'ಆನುವಂಶೀಯತೆ ಮತ್ತು ವಿಕಾಸ' ಅಂತ ಒಂದು ಪಾಠ ಇತ್ತು. ಇವಳದ್ದರಲ್ಲಿ ಬರೀ 'ಆನುವಂಶೀಯತೆ'. ಸ್ಟೇಷನ್ನಿನಿಂದ ಮನೆಯವರೆಗೆ ದಾರಿಯುದ್ದಕ್ಕೂ ವಿಕಾಸದ ಬ್ಯಾನರುಗಳು, ಪುಸ್ತಕದಲ್ಲಿ ಮಾತ್ರ ವಿಕಾಸಕ್ಕೆ ಜಾಗ ಇಲ್ಲ.

ಕೊರೋನಾ ಕಾಲದಲ್ಲಿ ಮಕ್ಕಳ ಹೊರೆ ಇಳಿಸಲು ಹೀಗೆ ಮಾಡಿದರಂತೆ. ಎಂಥ ಕರುಣೆ! ಆದರೆ ಆ ವೈರಸ್ಸಿಗೆ ಯಾರೂ ಸುತ್ತೋಲೆ ಕಳಿಸಲಿಲ್ಲ. ಅದು ಆಲ್ಫಾ, ಡೆಲ್ಟಾ, ಓಮಿಕ್ರಾನ್ ಅಂತ ರೂಪ ಬದಲಿಸಿಕೊಂಡು, ಬಿಟ್ಟುಹೋದ ಪಾಠವನ್ನು ಮನೆಮನೆಗೆ ಬಂದು ಹೇಳಿಕೊಟ್ಟು ಹೋಯಿತು. 2023ರಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಮೇಷ್ಟ್ರುಗಳು ಸೇರಿ ಪಾಠ ವಾಪಸ್ ಹಾಕಿ ಅಂತ ಪತ್ರ ಬರೆದರು. ಪಾಪ, ಅವರಿಗೆ ಬೇರೆ ಕೆಲಸ ಇರಲಿಲ್ಲ ಅಂತ ಕಾಣುತ್ತದೆ.

ಇದಕ್ಕೂ ಮುಂಚೆ, 2018ರಲ್ಲಿ, ಕೇಂದ್ರದ ಮಂತ್ರಿಯೊಬ್ಬರು ಔರಂಗಾಬಾದಿಗೆ ಬಂದು ಹೇಳಿದ್ದು ನೆನಪಿದೆ ಅಲ್ವಾ? ಮಂಗ ಮನುಷ್ಯನಾದದ್ದನ್ನು ಕಂಡೆವು ಅಂತ ನಮ್ಮ ಹಿರಿಯರು ಯಾರೂ ಹೇಳಿಲ್ಲ, ಬರೆದಿಟ್ಟಿಲ್ಲ, ಹಾಗಾಗಿ ಡಾರ್ವಿನ್ ತಪ್ಪು ಅಂತ. ಅವರು ನಮ್ಮ ಮುಂಬೈಗೇ ಪೊಲೀಸ್ ಕಮಿಷನರ್ ಆಗಿದ್ದವರು. ಪೊಲೀಸ್ ಬುದ್ಧಿ ಎಲ್ಲಿ ಹೋಗುತ್ತದೆ? ಪ್ರತ್ಯಕ್ಷ ಸಾಕ್ಷಿ ಇಲ್ಲ, ಪಂಚನಾಮೆ ಇಲ್ಲ, ಮಂಗ ಬೇರೆ ನಾಪತ್ತೆ. ಕೇಸು ಕ್ಲೋಸ್.

ನಮ್ಮ ಹೋಟೆಲಿನ ಶೆಟ್ಟರಿಗೂ ಇದು ಸರಿ ಅನ್ನಿಸಿತ್ತು. "ಅಲ್ಲ ಮಾರಾಯ್ರೇ, ಮಂಗ ಮನುಷ್ಯ ಆದದ್ದು ಹೌದಾದ್ರೆ ಈಗಲೂ ಮಂಗ ಉಂಟಲ್ಲ, ಅದು ಹೇಗೆ?"

"ಶೆಟ್ರೇ, ನೀವು ಮುಂಬೈಗೆ ಬಂದಿರಿ. ನಿಮ್ಮ ದಾಯಾದಿ ಕುಂದಾಪುರದಲ್ಲೇ ಗದ್ದೆ ಮಾಡಿಕೊಂಡಿದ್ದಾರೆ. ಅವರೇ ನೀವಾದದ್ದಾ?"

"ಅವನಾ? ಅವನು ಎಂತಕ್ಕೆ ನಾನು ಆಗ್ತಾನೆ? ನಮ್ಮಿಬ್ಬರಿಗೂ ಅಜ್ಜ ಒಬ್ಬರೇ, ಅಷ್ಟೇ."

ಅಷ್ಟೇ. ಚಿಂಪಾಂಜಿಗೂ ನಮಗೂ ಅಜ್ಜ ಒಬ್ಬರೇ, ಸುಮಾರು 60-70 ಲಕ್ಷ ವರ್ಷದ ಹಿಂದೆ. ಶೆಟ್ಟರು ಆಮೇಲೆ ಎರಡು ದಿನ ನನಗೆ ಚಹಾ ತಣ್ಣಗೆ ಕೊಟ್ಟರು.

ಹೊಸ ಜೀವಿ ಹುಟ್ಟುವುದನ್ನು ನೋಡಬೇಕಾದರೆ ಈ ಊರಿನ ದೋಸೆ ನೋಡಬೇಕು. ಉಡುಪಿ ಕಡೆಯಿಂದ ಮಾಟುಂಗಕ್ಕೆ ಬಂದಾಗ ಅದು ಮರ್ಯಾದಸ್ಥ ದೋಸೆ. ಆಮೇಲೆ ಊರಿನ ನಂಟು ಕಡಿಯಿತು. ಯಾರೋ ಒಬ್ಬ ಚೀಸ್ ತುರಿದ, ಗಿರಾಕಿ ಮತ್ತೆ ಬಂದ. ಇನ್ನೊಬ್ಬ ಮತ್ತೇನೋ ಸುರಿದ, ಗಿರಾಕಿ ಬರಲಿಲ್ಲ, ಆ ದೋಸೆಯ ವಂಶ ಅಲ್ಲಿಗೇ ನಿರ್ವಂಶ. ಯಾರೂ ಕೂತು ಯೋಜನೆ ಹಾಕಿದ್ದಲ್ಲ. ತಟ್ಟೆ ಖಾಲಿಯಾದದ್ದು ಉಳಿಯಿತು, ಅದರ ಮೇಲೆ ಮತ್ತೊಂದು ಬದಲಾವಣೆ ಕೂತಿತು. ಈಗ ಘಾಟ್ಕೋಪರಿನಲ್ಲಿ ಬೆಣ್ಣೆ, ಶೆಜ್ವಾನ್ ಸಾಸ್, ತರಕಾರಿ, ಚೀಸ್ ಎಲ್ಲ ಹೊತ್ತು, ಸುರುಳಿ ಸುರುಳಿಯಾಗಿ ನಿಂತಿರುವ ಜಿನಿ ದೋಸೆಯನ್ನು ನಮ್ಮ ಅಮ್ಮನ ಮುಂದಿಟ್ಟರೆ, "ಇದು ಯಾವ ಪ್ರಾಣಿ?" ಅಂತಾಳೆ. ಆ ಪ್ರಶ್ನೆಯೇ ಸರಿ. ಇನ್ನು ಇದಕ್ಕೂ ಅಮ್ಮನ ಕಾವಲಿ ದೋಸೆಗೂ ಮದುವೆ ಸಂಬಂಧ ಕೂಡಿಬರುವುದಿಲ್ಲ.

ನಿಜವಾದ ಪ್ರಾಣಿಗಳಲ್ಲೂ ಬಹಳ ಸಲ ನಡೆಯುವುದು ಹೀಗೇ. ಕೇರಳದ ಕಡೆ ಘಟ್ಟದಲ್ಲಿ ಒಂದು ನೇರಳೆ ಕಪ್ಪೆ ಇದೆ. ವರ್ಷವೆಲ್ಲ ಮಣ್ಣಿನೊಳಗೆ, ಮಳೆ ಬಂದಾಗ ನಾಲ್ಕು ದಿನ ಮೇಲೆ. 2003ರಲ್ಲಿ ವಿಜ್ಞಾನಿಗಳು ಅದಕ್ಕೆ ಹೆಸರಿಟ್ಟರು. ಅದರ ಹತ್ತಿರದ ನೆಂಟರು ಇರುವುದು ಸಮುದ್ರದಾಚೆ, ಸೆಶೆಲ್ಸ್ ದ್ವೀಪಗಳಲ್ಲಿ. ಕಪ್ಪೆ ಈಜಿ ಹೋದದ್ದಲ್ಲ, ನೆಲವೇ ಒಡೆದು ದೂರ ಸರಿಯಿತು. ಮದುವೆ ಮಾತುಕತೆ ನಿಂತುಹೋದ ಎರಡು ಕಡೆಯವರು ಕಾಲಕ್ರಮದಲ್ಲಿ ಎರಡು ಜಾತಿಯಾದರು. ಪತ್ರಿಕಾಗೋಷ್ಠಿ ಕರೆದು ಹೇಳಲಿಲ್ಲ, ಅದೇ ತಪ್ಪು.

ಹನ್ನೆರಡನೇ ಕ್ಲಾಸಿನ ಬಯಾಲಜಿಯಲ್ಲಿ ವಿಕಾಸ ಇದೆಯಲ್ಲ ಅನ್ನುತ್ತಾರೆ. ಇದೆ. ಬಯಾಲಜಿ ತಗೊಂಡವರಿಗೆ. ಅಕ್ಕನ ಮಗಳು ಕಾಮರ್ಸ್ ತಗೊಳ್ಳುತ್ತಾಳೆ. ಈ ಊರಿನಲ್ಲಿ ಅರ್ಧ ಮಕ್ಕಳು ಅದನ್ನೇ ತಗೊಳ್ಳುವುದು. ಅವರಿಗೆ ಯಾರು ಹೇಳುತ್ತಾರೆ? ನನಗೆ ತಮಾಷೆ ಮಾಡಿ ಮಾಡಿ ಸಾಕಾಗಿದೆ. 2012ರ ಹೊತ್ತಿಗೆ ಇದೇ ಮುಂಬೈಯ ಡಾಕ್ಟರುಗಳು, ಪರೀಕ್ಷೆ ಮಾಡಿದ ಯಾವ ಔಷಧಿಗೂ ಜಗ್ಗದ ಕ್ಷಯರೋಗಿಗಳನ್ನು ಕಂಡೆವು ಅಂದರು. ಅದೇನು ಶಾಪವಲ್ಲ. ಮಾತ್ರೆ ಅರ್ಧಕ್ಕೆ ಬಿಟ್ಟರೆ ಬಡ ಕ್ರಿಮಿ ಸಾಯುತ್ತದೆ, ಗಟ್ಟಿ ಕ್ರಿಮಿ ಉಳಿಯುತ್ತದೆ, ಮರಿ ಹಾಕುವುದು ಉಳಿದದ್ದೇ. ಡಾರ್ವಿನ್ 1859ರಲ್ಲಿ ಹೇಳಿದ್ದು ಇದೇ. ಈ ಮೂರು ವಾಕ್ಯ ಹದಿನೈದು ವರ್ಷದ ಮಕ್ಕಳಿಗೆ ಹೊರೆಯಂತೆ!

ಶೆಟ್ಟರ ಹೋಟೆಲಿನಲ್ಲಿ ತಟ್ಟೆ ತೊಳೆಯುವ ಹುಡುಗನಿಗೆ ಹೋದ ವರ್ಷ ಟಿಬಿ ಬಂತು. ಎರಡು ತಿಂಗಳಿಗೆ ಕೆಮ್ಮು ನಿಂತಿತು, ಮಾತ್ರೆಯನ್ನೂ ನಿಲ್ಲಿಸಿದ. ಈಗ ಮತ್ತೆ ಶುರು, ಈ ಸಲ ಬೇರೆ ಮಾತ್ರೆ, ಜಾಸ್ತಿ ದಿನ. ಶೆಟ್ಟರು ದಿನಾ ಬೆಳಿಗ್ಗೆ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬರುತ್ತಾರೆ. ಅವನ ಕೈಗೆ ನೀರಿನ ಲೋಟ ಕೊಡುತ್ತಾರೆ.

"ನುಂಗಿದೆಯಾ? ಬಾಯಿ ತೆಗಿ. ನಾಲಿಗೆ ಎತ್ತು. ನಾನು ಕಣ್ಣಾರೆ ನೋಡ್ಬೇಕು."